ಹೆದ್ದಾರಿಯಲ್ಲಿ ಎಳ್ಳು ಬೀರಿದ್ದು

ಬೆಲ್ಲವನ್ನು ಅಡಕತ್ತರಿಯಲ್ಲಿ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸುವ ವಿದ್ಯೆಯಲ್ಲಿ ಹಂಸಾಳನ್ನು ಮೀರಿಸುವವರು ಟೋಕಿಯೋದ ಇಡೀ ಎಡೋಗಾವಾ ವಾರ್ಡಿನಲ್ಲಿ ಇರಲಿಲ್ಲ. ಹೀಗೆಂದು ಹೇಳಿಕೊಳ್ಳುತ್ತಿದ್ದವಳು ಹಂಸಾಳೇ. ಆದರೂ ಮಾತು ಸುಳ್ಳಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಆರು ವರ್ಷ ಭೌತಶಾಸ್ತ್ರ ಪಾಠ ಮಾಡಿ, ಗಂಡ ಪ್ರಶಾಂತನ ಕೆಲಸದ ಹಿಂದೆ ಟೋಕಿಯೋಗೆ ಬಂದು, ಒಂಬತ್ತು ವರ್ಷದಿಂದ ಮನೆ ನೋಡಿಕೊಂಡಿದ್ದ ಅವಳಿಗೆ ಅಳತೆ ತಪ್ಪಿದ ಬೆಲ್ಲದ ಚೂರು ಕಂಡರೆ ವಿದ್ಯಾರ್ಥಿಯ ತಪ್ಪು ಉತ್ತರ ಕಂಡಷ್ಟೇ ಸಿಟ್ಟು ಬರುತ್ತಿತ್ತು. ಕೊಬ್ಬರಿ, ಬೆಲ್ಲ, ಹುರಿಗಡಲೆ, ಕಡಲೆಕಾಯಿ ಬೀಜ, ಬಿಳಿ ಎಳ್ಳು. ಐದನ್ನೂ ಬೆರೆಸಿ ನಲವತ್ತು ಪೊಟ್ಟಣ ಕಟ್ಟಿದಳು. ಪ್ರತಿಯೊಂದರಲ್ಲೂ ಒಂದು ಸಕ್ಕರೆ ಅಚ್ಚು.

ಪೊಟ್ಟಣಗಳು ಹೊರಟಿದ್ದು ನಾಗಾವೋಕಾ ಊರಿಗೆ. ಬೆಟ್ಟದಾಚೆಯ ಆ ಊರಿನಲ್ಲಿ ಗೆಳತಿ ಶುಭಾ ಇದ್ದಳು. ಅವಳ ಮಗುವಿಗೆ ಇದು ಮೊದಲ ಸಂಕ್ರಾಂತಿ. ಮಗುವಿಗೆ ಎಲಚಿ ಹಣ್ಣು ಎರೆಯಬೇಕು, ಆರತಿ ಆಗಬೇಕು, ಅಪಾರ್ಟ್‌ಮೆಂಟಿನ ಮನೆಮನೆಗೂ ಎಳ್ಳು ಬೀರಬೇಕು ಎಂದು ಶುಭಾಳಿಗೆ ಆಸೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಕೊಬ್ಬರಿ ಹೆಚ್ಚಲಾದೀತೇ? "ನೀನ್ ಬಾ, ನಿನ್ ಕೈಯಿಂದಾನೇ ಆಗ್ಲಿ" ಎಂದಿದ್ದಳು. ಪಂಚಾಂಗದ ಪ್ರಕಾರ ಹಬ್ಬ ಇನ್ನೂ ನಾಲ್ಕು ದಿನ ದೂರವಿತ್ತು. ಆದರೆ ಪರದೇಶದಲ್ಲಿ ಸೂರ್ಯ ಕೂಡ ಸಾಲು ರಜೆ ನೋಡಿಕೊಂಡೇ ಮಕರ ರಾಶಿಗೆ ಕಾಲಿಡುತ್ತಾನೆ.

"ಶಿಂಕಾನ್ಸೆನ್ ರೈಲಲ್ಲಿ ಹೋಗೋಣ. ಆ ಕಡೆ ಹಿಮ ಅಂತ ನ್ಯೂಸಲ್ಲಿ ಹೇಳ್ತಿದಾರೆ" ಎಂದು ಹಂಸಾ ಹೇಳಿದ್ದಳು.

"ಆರಡಿ ಕಬ್ಬು ಹೆಗಲ ಮೇಲಿಟ್ಕೊಂಡು ಶಿಂಕಾನ್ಸೆನ್ ಹತ್ತೋಕಾಗುತ್ತಾ? ಕಾರು ಬುಕ್ ಮಾಡಾಯ್ತು, ಹಿಮದ ಟೈರು ಇದೆ" ಎಂದು ಪ್ರಶಾಂತ ಮಾತು ಮುಗಿಸಿದ್ದ.

ಹೀಗೆ ಶನಿವಾರ ಬೆಳಗಿನ ಜಾವ ಐದಕ್ಕೆ ಬಾಡಿಗೆ ಕಾರಿನಲ್ಲಿ ಮೂವರೂ ಹೊರಟರು. ಚಕ್ರ ತಿರುಗಿಸುತ್ತಾ ಪ್ರಶಾಂತ. ಪಕ್ಕದಲ್ಲಿ ಹಂಸಾ. ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ಮಗಳು ಕೃಪಾ. ಇವರ ನಡುವೆ ಕಾರಿನ ಮೂತಿಯಿಂದ ಡಿಕ್ಕಿಯವರೆಗೆ ಅಡ್ಡಾದಿಡ್ಡಿ ಮಲಗಿದ್ದ ಒಕಿನಾವಾದ ಕಬ್ಬು. ಡಿಕ್ಕಿಯಲ್ಲಿ ಪೊಟ್ಟಣಗಳ ಚೀಲ, ಚೀನೀ ಅಂಗಡಿಯ ಒಣ ಎಲಚಿ ಹಣ್ಣು, ಆರತಿಗೆಂದು ಹಂಸಾಳ ತಾಯಿ ಕೊಟ್ಟಿದ್ದ ಹಿತ್ತಾಳೆ ಹರಿವಾಣ. ಹಿಮ ತೋಡುವ ಸಲಿಕೆ ಮಾತ್ರ ಇರಲಿಲ್ಲ. ಟೋಕಿಯೋದವರಿಗೆ ಸಲಿಕೆಯ ನೆನಪಾಗುವುದು ಹಿಮದಲ್ಲಿ ಸಿಕ್ಕಿಬಿದ್ದ ಮೇಲೆಯೇ.

ಟೋಕಿಯೋದಲ್ಲಿ ಆಕಾಶ ತೊಳೆದಿಟ್ಟಂತಿತ್ತು. ಬೆಟ್ಟದ ಆಚೆ ಬದಿಗೆ ಇಳಿದರೋ ಇಲ್ಲವೋ, ಆಕಾಶವೇ ಇರಲಿಲ್ಲ. ಹಿಮ ಮೇಲಿನಿಂದ ಬೀಳುತ್ತಿದೆಯೋ ಪಕ್ಕದಿಂದ ಬರುತ್ತಿದೆಯೋ ತಿಳಿಯದ ಹಾಗೆ ಸುರಿಯುತ್ತಿತ್ತು. ಎಕ್ಸ್‌ಪ್ರೆಸ್‌ವೇ ಮುಚ್ಚಿದ್ದರು. ಎಲ್ಲ ವಾಹನಗಳನ್ನೂ ಕೆಳಗಿನ ಹಳೆಯ ಹೆದ್ದಾರಿಗೆ ಇಳಿಸುತ್ತಿದ್ದರು.

"ಏನ್ ಮೇಡಂ," ಪ್ರಶಾಂತ ಶುರು ಮಾಡಿದ. ಹೆಂಡತಿಯನ್ನು ಕೆಣಕುವಾಗ ಅವನು ಬಹುವಚನಕ್ಕೆ ಏರುತ್ತಿದ್ದ. "ಭೂಮಿ ಕಾಯ್ತಿದೆ, ಕಾಯ್ತಿದೆ ಅಂತ ನನ್ ತಲೆ ತಿಂತಿದ್ರಲ್ಲ. ಹೊರಗಡೆ ಮೈನಸ್ ಆರು. ನಿಮ್ಮ ಗ್ಲೋಬಲ್ ವಾರ್ಮಿಂಗು ಟೋಲ್ ಗೇಟಲ್ಲೇ ಇಳ್ಕೊಂಡ್ತಾ?"

ಹಂಸಾಳೊಳಗಿನ ಲೆಕ್ಚರರ್ ಒಂಬತ್ತು ವರ್ಷದಿಂದ ಇಂಥ ಪ್ರಶ್ನೆಗೇ ಕಾದು ಕುಳಿತಿದ್ದಳು.

"ಸೈಬೀರಿಯಾದಿಂದ ಬರೋ ಗಾಳಿ ಇದೆಯಲ್ಲ, ಅದು ಬರೀ ಒಣಗಾಳಿ. ಅದರ ಹತ್ರ ಕೊಡೋಕೆ ಹಿಮ ಇಲ್ಲ. ದಾರೀಲಿ ಸಮುದ್ರ ಸಿಗುತ್ತೆ. ಸಮುದ್ರ ಅಂದ್ರೆ ಒಲೆ ಮೇಲಿಟ್ಟ ಸಾರಿನ ಪಾತ್ರೆ ಅಂತಿಟ್ಕೋ. ಮೊದಲು ಉರಿ ಸಣ್ಣಗಿತ್ತು. ಈಗ ನಾವೆಲ್ಲಾ ಸೇರ್ಕೊಂಡು ಉರಿ ದೊಡ್ಡದು ಮಾಡಿದೀವಿ. ಈ ವರ್ಷ ಆ ಸಮುದ್ರ ಬೆಚ್ಚಗಿದೆ ಅಂತ ಟೀವೀಲಿ ದಿನಾ ಹೇಳ್ತಿದ್ರು. ಹಬೆ ಜಾಸ್ತಿ ಎದ್ರೆ ಗಾಳಿ ಜಾಸ್ತಿ ಹೊತ್ಕೊಂಡ್ ಬರುತ್ತೆ. ಬಂದು ಈ ಬೆಟ್ಟಕ್ಕೆ ಹೊಡೆಯುತ್ತೆ. ಹೊರೆ ಎಲ್ಲಿ ಇಳಿಸುತ್ತೆ ಹೇಳು?"

"ನನ್ ತಲೆ ಮೇಲೆ."

"ಸರಿಯಾದ ಉತ್ತರ. ಚಳಿ ಇಷ್ಟು ದೂರ ಯಾಕೆ ಜಾರಿ ಬರುತ್ತೆ ಅನ್ನೋದ್ರ ಬಗ್ಗೆ ದೊಡ್ಡೋರ ಮಧ್ಯೆ ಇನ್ನೂ ವಾದ ಇದೆ. ಹಿಮ ಯಾಕೆ ಒಂದೇ ಸಲಕ್ಕೆ ಇಷ್ಟು ಸುರಿಯುತ್ತೆ ಅನ್ನೋದ್ರಲ್ಲಿ ಅಷ್ಟೊಂದು ವಾದ ಇಲ್ಲ."

ಪ್ರಶಾಂತ ಮರುಮಾತಿಗೆ ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಲಾರಿಯ ಕೆಂಪು ದೀಪ ಹತ್ತಿತು. ಕಾರು ನಿಂತಿತು. ಮತ್ತೆ ಹೊರಡಲಿಲ್ಲ.

ಆಗ ಬೆಳಿಗ್ಗೆ ಹತ್ತು ಗಂಟೆ. ಮುಂದೆ ಎಲ್ಲೋ ಏರಿನಲ್ಲಿ ಉದ್ದನೆಯ ಟ್ರೇಲರೊಂದು ಜಾರಿ ರಸ್ತೆಗೆ ಅಡ್ಡ ನಿಂತಿದೆ ಎಂದು ರೇಡಿಯೋ ಹೇಳಿತು. ಹನ್ನೊಂದಾಯಿತು. ಸಾಲು ಹುಲ್ಲುಕಡ್ಡಿಯಷ್ಟೂ ಅಲ್ಲಾಡಲಿಲ್ಲ. ಕನ್ನಡಿಯಲ್ಲಿ ಹಿಂದಿನ ಕಾರಿನ ನಂಬರ್ ಪ್ಲೇಟು ಮೊದಲು ಕಾಣುತ್ತಿತ್ತು. ಆಮೇಲೆ ಅರ್ಧ ಕಂಡಿತು. ಆಮೇಲೆ ಇಲ್ಲ. ಎಲ್ಲ ಕಾರುಗಳ ಎಂಜಿನ್ನೂ ಗುರ್ ಎನ್ನುತ್ತಿತ್ತು. ಹೀಟರ್ ಇಲ್ಲದೆ ಆ ಚಳಿಯಲ್ಲಿ ಕೂರುವುದು ಯಾರಿಗೂ ಆಗದ ಮಾತು.

ಹಂಸಾ ತಿರುಗಿ ಹಿಂದಿನ ಕಾರನ್ನು ನೋಡಿದಳು. ಎಡೋಗಾವಾ ನದಿಮಟ್ಟಕ್ಕಿಂತ ತಗ್ಗಿನ ಊರು. ವಿಪತ್ತು ಬಂದರೆ ಏನು ಮಾಡಬೇಕೆಂದು ವಾರ್ಡಿನವರು ವರ್ಷ ವರ್ಷ ತರಬೇತಿ ಕೊಡುತ್ತಾರೆ. ಕಳೆದ ವರ್ಷದ ತರಬೇತಿಯಲ್ಲಿ ಅವಳು ಒಂದು ವೀಡಿಯೋ ನೋಡಿದ್ದಳು. ಹಿಮದಲ್ಲಿ ಹೂತ ಒಂದು ಕಾರು, ಓಡುತ್ತಿರುವ ಎಂಜಿನ್, ಹಿಮ ಮೆತ್ತಿ ಬಾಯಿ ಕಟ್ಟಿದ ಹೊಗೆ ಕೊಳವೆ. ಹೊರಗೆ ಹೋಗಲಾರದ ಹೊಗೆ ಕಾರಿನ ತಳದಿಂದ ಒಳಗೆ ನುಗ್ಗುತ್ತದೆ. ಅದರೊಳಗಿನ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಪ್ಪತ್ತು ನಿಮಿಷದಲ್ಲಿ ಅದನ್ನು ಅಳೆಯುವ ಮೀಟರಿನ ಮುಳ್ಳು ಸಾವಿನ ಗೆರೆ ದಾಟಿತ್ತು. ಒಳಗಿದ್ದವರಿಗೆ ನಿದ್ದೆ ಬಂದಂತಾಗುತ್ತದೆ, ಅಷ್ಟೇ.

"ಎಂಜಿನ್ ಆಫ್ ಮಾಡು" ಎಂದು ಹೇಳಿ ಅವಳು ಬಾಗಿಲು ತಳ್ಳಿ ಇಳಿದಳು. ಹಿಮ ಮೊಣಕಾಲಿಗೆ ಬಂತು. ಸಲಿಕೆಯಿಲ್ಲ. ಡಿಕ್ಕಿ ತೆಗೆದು ಹಿತ್ತಾಳೆ ಹರಿವಾಣ ಎಳೆದುಕೊಂಡಳು. ತಾಯಿ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ಹರಿವಾಣದಿಂದ ಮೊಗೆದು ಮೊಗೆದು ಕೊಳವೆಯ ಬಾಯಿ ಬಿಡಿಸಿದಳು. ಕಬ್ಬಿನ ತುದಿ ಹಾಕಿ ಒಳಗೆ ಮೆತ್ತಿದ್ದನ್ನೂ ಕೆದರಿದಳು.

ಮುಂದಿನ ಲಾರಿಯ ಚಾಲಕ ಕೂಡ ಇಳಿದು ತನ್ನ ಗಾಡಿಯ ಸುತ್ತ ಹಿಮ ತೋಡುತ್ತಿದ್ದ. ಅರವತ್ತರ ಆಸುಪಾಸಿನ, ಹುಬ್ಬಿನ ಮೇಲೆಲ್ಲ ಹಿಮ ಕೂತ ಮನುಷ್ಯ. ಅವಳ ಹರಿವಾಣ ನೋಡಿ ತಲೆಬಾಗಿ, ತನ್ನ ಹೆಸರು ಹೊಶಿನೋ ಎಂದ.

"ನಾನು ಚಿಕ್ಕವನಿದ್ದಾಗ ಹಿಮ ಚಳಿಗಾಲ ಪೂರ್ತಿ ಸ್ವಲ್ಪ ಸ್ವಲ್ಪವೇ ಬೀಳುತ್ತಿತ್ತು" ಎಂದು ಜಪಾನೀಯಲ್ಲಿ ನಿಧಾನವಾಗಿ, ಅವಳಿಗೆ ಅರ್ಥವಾಗುವಂತೆ ಹೇಳಿದ. "ಈಗ ಡಿಸೆಂಬರಿನಲ್ಲಿ ನೆಲ ಒಣಗಿರುತ್ತದೆ. ಆಮೇಲೆ ಒಂದೇ ದಿನ ಎಲ್ಲ ಸುರಿಯುತ್ತದೆ. ದೊಕಾಯುಕಿ ಅನ್ನುತ್ತೇವೆ. ದೊಪ್ಪೆಂದು ತಲೆ ಮೇಲೆ ಬೀಳುವ ಹಿಮ."

"ಹೊಶಿನೋ ಸಾನ್, ಹಿಂದಿನ ಕಾರುಗಳವರಿಗೆ ಹೊಗೆ ಕೊಳವೆಯ ವಿಷಯ ಗೊತ್ತಿರುತ್ತದೆಯೇ?"

ಹೊಶಿನೋ ಹಿಂದಿನ ಸಾಲು ನೋಡಿ ತಲೆ ಕೆರೆದುಕೊಂಡ. ಈ ಸೀಮೆಯವರಿಗೆ ಹೇಳುವುದು ಬೇಕಿಲ್ಲ. ಹೇಳಿದರೆ ಅವರಿಗೆ ಅವಮಾನ ಎಂದ. ಹಂಸಾ ಹಿಂದಿನ ಐದಾರು ಕಾರಿನ ಪ್ಲೇಟುಗಳ ಮೇಲಿನ ಹಿಮ ಒರೆಸಿದಳು. ನೇರಿಮಾ, ಓಮಿಯಾ, ಶಿನಾಗಾವಾ. ಎಲ್ಲ ಬೆಟ್ಟದ ಈಚೆಗೆ ರಜೆಗೆಂದು ಬಂದ ನಗರದವರು. ಇವರಿಗೆ ಹಿಮ ಎಂದರೆ ಫೋಟೋ.

ಅವಳು ಕಾರಿಗೆ ಬಂದು ಹೇಳಿದಳು: "ನಾನು ಒಂದೊಂದೇ ಕಾರಿನ ಕಿಟಕಿ ಬಡಿದು ಹೇಳಿ ಬರ್ತೀನಿ."

"ಹುಚ್ಚಾ ನಿನಗೆ? ಯಾರದೋ ಕಾರು, ಯಾರದೋ ಕಿಟಕಿ. ಜಪಾನ್ ಇದು. ಮೆಯ್ವಾಕು ಅಂತಾರೆ" ಎಂದ ಪ್ರಶಾಂತ.

ಮೆಯ್ವಾಕು ಎಂದರೆ ಇನ್ನೊಬ್ಬರಿಗೆ ಕೊಡುವ ತೊಂದರೆ. ಜಪಾನಿಗೆ ಬಂದವರು ಮೊದಲು ಕಲಿಯುವ ಪಾಠ ಅದು. ರೈಲಿನಲ್ಲಿ ಮಾತಾಡಬಾರದು, ಮಹಡಿಯಲ್ಲಿ ಓಡಾಡಬಾರದು, ಕರೆಯದೆ ಬಾಗಿಲು ತಟ್ಟಬಾರದು. ಹಂಸಾ ಆ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದಳು. ಎಷ್ಟು ಚೆನ್ನಾಗಿ ಎಂದರೆ, ಎರಡು ವರ್ಷದ ಹಿಂದೆ ಒಂದು ಫೆಬ್ರವರಿ ಬೆಳಿಗ್ಗೆ ಪಕ್ಕದ ಮನೆಯಿಂದ ದೊಪ್ಪೆಂದು ಏನೋ ಬಿದ್ದ ಸದ್ದು ಕೇಳಿದಾಗಲೂ ಅವಳು ಆ ಪಾಠ ಮರೆಯಲಿಲ್ಲ. ಆ ಮನೆಯಲ್ಲಿ ಓಕುಬೋ ಸಾನ್ ಎಂಬ ಒಬ್ಬಂಟಿ ಹೆಂಗಸು ಇದ್ದರು. ಚಳಿಗಾಲದಲ್ಲಿ ಕಿತ್ತಳೆ ಹಣ್ಣಿನ ಚೀಲ ತಂದು ಇವರ ಬಾಗಿಲ ಹಿಡಿಗೆ ಸದ್ದಿಲ್ಲದೆ ನೇತುಹಾಕಿ ಹೋಗುತ್ತಿದ್ದರು. ಹಂಸಾ ಅವರ ಬಾಗಿಲವರೆಗೂ ಹೋದಳು. ಬೆರಳು ಬೆಲ್‌ನ ಮೇಲಿತ್ತು. ಇಷ್ಟು ಬೆಳಿಗ್ಗೆ, ಕಾರಣವಿಲ್ಲದೆ, ಏನೆಂದುಕೊಂಡಾರು ಎಂದು ಅಳುಕಿ ವಾಪಸು ಬಂದಳು. ತಡೆದವರು ಯಾರೂ ಇರಲಿಲ್ಲ. ಪ್ರಶಾಂತ ಆಗಲೇ ಶಿನಾಗಾವಾದ ಆಫೀಸಿಗೆ ಹೊರಟುಹೋಗಿದ್ದ. ಮಾರನೆಯ ಸಂಜೆ ಆಂಬುಲೆನ್ಸ್ ಬಂತು. ಓಕುಬೋ ಸಾನ್ ತಣ್ಣನೆಯ ಬಚ್ಚಲಲ್ಲಿ ಒಂದೂವರೆ ದಿನ ಬಿದ್ದಿದ್ದರು. ಜೀವ ಉಳಿಯಿತು. ಮಾತು ಉಳಿಯಲಿಲ್ಲ. ಅವರನ್ನು ಎಲ್ಲೋ ಆರೈಕೆಯ ಮನೆಗೆ ಸಾಗಿಸಿದರು. ಅಂದಿನಿಂದ ಕಿತ್ತಳೆ ಹಣ್ಣು ಕಂಡರೆ ಹಂಸಾಳಿಗೆ ತನ್ನ ಬಲಗೈ ತೋರುಬೆರಳಿನ ಮೇಲೆ ಅಸಹ್ಯ ಹುಟ್ಟುತ್ತಿತ್ತು.

ಈಗ ಆ ಬೆರಳಿಗೆ ಇನ್ನೊಂದು ಪರೀಕ್ಷೆ. ಈ ಸಾಲಿನಲ್ಲಿ ಒಬ್ಬರು ನಿದ್ದೆಯಲ್ಲೇ ಹೋದರೂ ಅದು ತನ್ನ ಲೆಕ್ಕಕ್ಕೆ ಎಂದು ಅವಳಿಗೆ ಅನ್ನಿಸಿತು.

"ಸುಮ್ನೆ ಹೋಗಿ ಬಡಿದ್ರೆ ತಾನೆ ಮೆಯ್ವಾಕು?" ಎಂದಳು. ಡಿಕ್ಕಿಯಿಂದ ಪೊಟ್ಟಣಗಳ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡು, ಕಬ್ಬನ್ನು ಕೋಲಿನಂತೆ ಕೈಯಲ್ಲಿ ಹಿಡಿದಳು. "ಎಳ್ಳು ಬೀರೋಕೆ ಹೋದ್ರೆ ಮೆಯ್ವಾಕು ಅಲ್ಲ. ಹಬ್ಬ."

ಮೈಸೂರಿನಲ್ಲಿ ಸಂಕ್ರಾಂತಿಯ ಸಂಜೆ ಹೊಸ ಲಂಗ ತೊಟ್ಟು, ತಟ್ಟೆ ಹಿಡಿದು, ಪರಿಚಯವಿದ್ದ ಮನೆ ಇಲ್ಲದ ಮನೆ ಎನ್ನದೆ ಬೀದಿಯ ಎಲ್ಲ ಬಾಗಿಲುಗಳನ್ನೂ ತಟ್ಟಿದ ಹುಡುಗಿ ಅವಳು. ಆ ದಿನ ಯಾವ ಬಾಗಿಲೂ ಪರರದಲ್ಲ.

ಪ್ರಶಾಂತ ಹಣೆ ಚಚ್ಚಿಕೊಂಡ. "ಮನೆಗೆ ಮಾರಿ, ಊರಿಗೆ ಉಪಕಾರಿ."

"ಊರಿಗೆ ಉಪಕಾರಿ ಆದ್ರೆ ಸಾಕು ಇವತ್ತು. ಹರಿವಾಣ ತಗೊಂಡು ನನ್ ಹಿಂದೆ ಬಾ. ಕೃಪಾ, ನೀನೂ ಬಾ. ನನ್ ಜಪಾನೀ ಅಡುಗೆಮನೆಗೆ ಸಾಕು, ಇದಕ್ಕೆ ಸಾಲಲ್ಲ."

ಕೃಪಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಬಾಯಿಂದ ಮಾತ್ರ ಹೊರಬರುತ್ತಿರಲಿಲ್ಲ. "ಅಮ್ಮಾ, ಪ್ಲೀಸ್. ಹಝುಕಾಶೀ!" ಎಂದು ನಾಚಿಕೆಯಿಂದ ಸೀಟಿನಲ್ಲೇ ಮುದುಡಿದಳು. ಆದರೆ ಅಮ್ಮನ ದನಿಯಲ್ಲಿ ಕ್ಲಾಸ್‌ರೂಮು ಇತ್ತು. ಟೊಪ್ಪಿ ಎಳೆದುಕೊಂಡು ಇಳಿದಳು.

ಮೊದಲ ಕಾರಿನ ಗಾಜು ಒಂದು ಅಂಗುಲ ಇಳಿಯಿತು. ಒಳಗಿಂದ ಗಾಬರಿಯ ನಾಲ್ಕು ಕಣ್ಣು. ಹಂಸಾ ಪೊಟ್ಟಣ ಚಾಚಿ, ಸುಮಿಮಾಸೆನ್, ಕ್ಷಮಿಸಬೇಕು, ನಮ್ಮ ದೇಶದ ಹಬ್ಬ ಎಂದಳು. ಕೃಪಾ ನೆಲ ನೋಡುತ್ತಾ ಒಂದೇ ಉಸಿರಿಗೆ ಉಳಿದದ್ದನ್ನು ಹೇಳಿದಳು: ಹೊಗೆ ಕೊಳವೆ ಹೂತಿದೆ, ಅಪ್ಪ ಈಗ ಬಿಡಿಸುತ್ತಾರೆ, ಆದಷ್ಟು ಎಂಜಿನ್ ನಿಲ್ಲಿಸಿ, ಹಚ್ಚಿದರೆ ಗಾಳಿ ಬೀಸದ ಕಡೆಯ ಗಾಜು ಸ್ವಲ್ಪ ಇಳಿಸಿಡಿ, ಅರ್ಧ ಗಂಟೆಗೊಮ್ಮೆ ನೋಡಿಕೊಳ್ಳಿ. ಗಾಜು ಪೂರ್ತಿ ಇಳಿಯಿತು. "ನಮಗೆ ಗೊತ್ತೇ ಇರಲಿಲ್ಲ!" ಎಂದ ಒಳಗಿದ್ದ ಗಂಡಸು ಆಗಲೇ ಬೂಟು ಹುಡುಕುತ್ತಿದ್ದ.

ಎರಡನೆಯ ಕಾರು, ಮೂರನೆಯ ಕಾರು. ನಾಲ್ಕನೆಯದರಲ್ಲಿ ಒಬ್ಬಳು ಅಜ್ಜಿ ಸಕ್ಕರೆ ಅಚ್ಚನ್ನು ಬೆಳಕಿಗೆ ಹಿಡಿದು, ತಿನ್ನುವುದೋ ಇಟ್ಟುಕೊಳ್ಳುವುದೋ ಎಂದು ಕೇಳಿದಳು. ಏಳನೆಯದರ ಹೊತ್ತಿಗೆ ಕೃಪಾ ನೆಲ ನೋಡುವುದನ್ನು ಬಿಟ್ಟಿದ್ದಳು. ಹತ್ತನೆಯದರ ಹೊತ್ತಿಗೆ ಅಮ್ಮನಿಗಿಂತ ಮೊದಲೇ ಮಾತು ಶುರು ಮಾಡುತ್ತಿದ್ದಳು. ಪ್ರಶಾಂತ ಹಿಂದೆ ಹಿಂದೆ ಬರುತ್ತಾ, ಬೈಯುತ್ತಾ, ಹರಿವಾಣದಿಂದ ಮೊಗೆಯುತ್ತಾ, ಪ್ರತಿ ಕಾರಿನವರಿಗೂ ತಲೆಬಾಗುತ್ತಿದ್ದ. ಅವನ ಕಿವಿ ಬೀಟ್ರೂಟಿನಂತೆ ಕೆಂಪಾಗಿತ್ತು. ಹಂಸಾಳಿಗೆ ಬೆರಳಿನ ತುದಿಗಳ ಸ್ಪರ್ಶವೇ ಹೋಗಿತ್ತು. ಆದರೂ ಒಳಗೊಳಗೆ ಎಂಥದೋ ಹಿಗ್ಗು. ಒಂಬತ್ತು ವರ್ಷದಲ್ಲಿ ಇಷ್ಟೊಂದು ಜಪಾನೀಯರ ಜೊತೆ ಅವಳು ಮಾತಾಡಿದ್ದು ಇದೇ ಮೊದಲು.

ಹದಿನೇಳನೆಯದು ಬೆಳ್ಳಿ ಬಣ್ಣದ ಪುಟ್ಟ ಕಾರು. ಎಂಜಿನ್ ಓಡುತ್ತಿತ್ತು. ಗಾಜಿನ ಮೇಲೆಲ್ಲ ಹಬೆ. ಹಂಸಾ ಬಡಿದಳು. ಉತ್ತರವಿಲ್ಲ. ಕೃಪಾ ಮುಂದಿನ ಗಾಜಿನ ಹಿಮ ಒರೆಸಿ ಇಣುಕಿ ನೋಡಿದಳು. ಸೀಟು ಹಿಂದಕ್ಕೆ ಚಾಚಿ, ಮುಖಕ್ಕೆ ಮಾಸ್ಕ್ ಹಾಕಿ, ಕೋಟು ಹೊದ್ದು ಒಬ್ಬ ಹೆಂಗಸು ಮಲಗಿದ್ದಳು.

ಕೃಪಾ ಅಮ್ಮನ ತೋಳು ಹಿಡಿದೆಳೆದು ಪಿಸುಗುಟ್ಟಿದಳು, ಅರ್ಧ ಜಪಾನೀಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ: ಆಂಟಿ ನಿದ್ದೆ ಮಾಡ್ತಿದ್ದಾರೆ. ನಾಗಾವೋಕಾ ಪ್ಲೇಟು, ಇಲ್ಲಿಯವರೇ. ಅವರಿಗೆ ಎಲ್ಲ ಗೊತ್ತಿರುತ್ತದೆ. ಮಲಗಿದವರನ್ನು ಎಬ್ಬಿಸುವುದು ತಪ್ಪು.

ಪ್ರಶಾಂತನೂ ಬಂದ. "ಪಾಪ, ಸುಸ್ತಾಗಿರ್ಬೇಕು ಕಣೆ. ಪೈಪ್ ಬಿಡಿಸ್ತೀನಿ, ಪೊಟ್ಟಣ ಗಾಜಿಗೆ ಸಿಕ್ಸಿ ಮುಂದಕ್ಕೆ ಹೋಗೋಣ."

ಹಂಸಾ ಒಂದು ಕ್ಷಣ ನಿಂತಳು. ಒಂದೇ ಕ್ಷಣ. ಗೊತ್ತಿದ್ದವರಿಗೂ ನಿದ್ದೆ ಬರುತ್ತದೆ ಎಂದು ಅವಳ ಮನಸ್ಸು ಹೇಳಿತು. ಕಾರಿನ ಹಿಂದಕ್ಕೆ ಹೋಗಿ ಕಬ್ಬನ್ನು ಹಿಮದೊಳಕ್ಕೆ ಚುಚ್ಚಿದಳು. ಅದು ಮೊಳದುದ್ದ ಒಳಗೆ ಹೋಯಿತು, ಆಮೇಲೆ ಕೊಳವೆಗೆ ತಾಗಿತು. ಕೊಳವೆ ಪೂರ್ತಿ ಹೂತಿತ್ತು.

ಅವಳು ಮುಷ್ಟಿ ಕಟ್ಟಿ ಗಾಜು ಗುದ್ದಿದಳು. "ಏಳ್ರೀ! ಏಳ್ರೀ ಅಂದ್ರೆ!" ಎಂದು ಕನ್ನಡದಲ್ಲೇ ಕೂಗಿದಳು. ಪ್ರಾಣದ ವಿಷಯಕ್ಕೆ ಬಂದಾಗ ಬಾಯಿಗೆ ಬರುವುದು ತಾಯಿನುಡಿ ತಾನೇ. ಬಾಗಿಲಿಗೆ ಬೀಗ ಬಿದ್ದಿತ್ತು. ಒಳಗಿದ್ದ ಹೆಂಗಸಿನ ತಲೆ ಗುದ್ದಿನ ಅದುರಿಗೆ ಪಕ್ಕಕ್ಕೆ ವಾಲಿತು, ಕಣ್ಣು ತೆರೆಯಲಿಲ್ಲ.

ಪ್ರಶಾಂತನ ಮುಖದಿಂದ ತಮಾಷೆಯೆಲ್ಲ ಇಳಿದುಹೋಯಿತು. ಅವನು ಮೊಣಕಾಲುದ್ದದ ಹಿಮದಲ್ಲಿ ಬೀಳುತ್ತಾ ಏಳುತ್ತಾ ಹೊಶಿನೋನ ಲಾರಿಗೆ ಓಡಿದ. ಹಂಸಾ ಹಿಮವನ್ನು ಬರಿಗೈಯಲ್ಲಿ ಬಾಚಿ ಬಾಚಿ ಕೊಳವೆ ಬಿಡಿಸಿದಳು. ಕೃಪಾ ಫೋನು ತೆಗೆದು ಆಂಬುಲೆನ್ಸಿನ 119ಕ್ಕೆ ಕರೆ ಮಾಡಿ, ರಸ್ತೆ ಬದಿಯ ಕಿಲೋಮೀಟರ್ ಕಂಬದ ಸಂಖ್ಯೆಯನ್ನು ಸ್ಪಷ್ಟವಾಗಿ ಓದಿ ಹೇಳಿದಳು.

ಪ್ರಶಾಂತ ಸುತ್ತಿಗೆ ಹಿಡಿದು ಬಂದ. ಹಿಂದೆಯೇ ಹೊಶಿನೋ. ಹಿಂಬದಿಯ ಕಿಟಕಿಯ ಮೂಲೆಗೆ ಗುರಿಯಿಟ್ಟು ಪ್ರಶಾಂತ ಸುತ್ತಿಗೆ ಎತ್ತಿದ. "ಸುಮಿಮಾಸೆನ್!" ಎಂದು ಜೋರಾಗಿ ಹೇಳಿಯೇ ಗಾಜು ಒಡೆದ. ಹನ್ನೆರಡು ವರ್ಷ ಇವನನ್ನು ಕಟ್ಟಿಕೊಂಡು ಬಾಳಿದ್ದಕ್ಕೆ ಇದೊಂದು ಸಾಕು ಎಂದು ಹಂಸಾಳಿಗೆ ಆ ಗಡಿಬಿಡಿಯಲ್ಲೂ ಅನ್ನಿಸಿತು.

ಕೈ ತೂರಿಸಿ ಬೀಗ ತೆಗೆದು, ಮೂವರೂ ಸೇರಿ ಹೆಂಗಸನ್ನು ಎಳೆದು ಹೊರಗೆ ತಂದು ಹೊಶಿನೋನ ಲಾರಿಯವರೆಗೂ ಹೊತ್ತೊಯ್ದರು. ಲಾರಿಯ ಎಂಜಿನ್ ನಿಲ್ಲಿಸಿ, ಅದರ ಎತ್ತರದ ಕ್ಯಾಬಿನ್ನಿನಲ್ಲಿ ಕಿಟಕಿ ತೆರೆದು, ಕಂಬಳಿ ಸುತ್ತಿ ಪಕ್ಕಕ್ಕೆ ಹೊರಳಿಸಿ ಮಲಗಿಸಿದರು. ಉಸಿರಿತ್ತು. ಹಾಗೇ ಇರಿಸಿ, ಗಾಳಿ ಆಡಲಿ, ಹಿಮ ತೆಗೆಯುವ ಯಂತ್ರದ ಹಿಂದೆಯೇ ಬರುತ್ತೇವೆ ಎಂದು ಆಂಬುಲೆನ್ಸಿನವರು ಫೋನಿನಲ್ಲಿ ಹೇಳಿದರು. ಹಂಸಾ ಆ ಹೆಂಗಸಿನ ತಲೆ ತೊಡೆಯ ಮೇಲಿಟ್ಟುಕೊಂಡು ಅಂಗೈ ಉಜ್ಜಿದಳು. ಹೋಗಬೇಡ, ಹೋಗಬೇಡ, ಹೋಗಬೇಡ ಎಂದು ಮನಸ್ಸಿನಲ್ಲೇ ಜಗಳಕ್ಕೆ ನಿಂತಳು. ಯಾವ ದೇವರನ್ನೂ ಕರೆಯಲು ಅವಳಿಗೆ ನೆನಪಾಗಲಿಲ್ಲ.

ಕಾಲು ಗಂಟೆಯಾಗಿರಬಹುದು. ಹೆಂಗಸು ಕೆಮ್ಮಿದಳು. ವಾಂತಿ ಮಾಡಿಕೊಂಡಳು, ಅದೂ ಹಂಸಾಳ ಹೊಸ ಕೋಟಿನ ಮೇಲೆ. ಕಣ್ಣು ತೆರೆದಳು. ಹಂಸಾಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಆಕೆಯ ಹೆಸರು ಮಾರುಯಾಮಾ. ಆರೈಕೆಯ ಮನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಟವಳು. ಹಿಮದ ನಾಡಿನಲ್ಲೇ ಹುಟ್ಟಿ ಬೆಳೆದವಳಿಗೆ ಕೊಳವೆಯ ವಿಷಯ ಗೊತ್ತಿಲ್ಲದೆ ಇರಲಿಲ್ಲ. ಐದು ನಿಮಿಷ ಕಣ್ಣು ಮುಚ್ಚಿ ಆಮೇಲೆ ಇಳಿದು ತೋಡೋಣ ಎಂದುಕೊಂಡಿದ್ದಳಂತೆ. ಅಷ್ಟರಲ್ಲಿ ಹಿಮ ಮೊಳ ಏರಿತ್ತು. ಇದನ್ನೆಲ್ಲ ಆಕೆ ಆಮೇಲೆ ತುಂಡು ತುಂಡಾಗಿ ಹೇಳಿದಳು. ಮೊದಲು ಹೇಳಿದ್ದು ಬೇರೆ. ಯಾರ ತೊಡೆಯ ಮೇಲೆ ತಾನು ಮಲಗಿದ್ದೇನೆ, ಯಾರ ಕೋಟು ಹಾಳಾಗಿದೆ ಎಂದು ಅರಿವಾದೊಡನೆ ಏಳಲು ತಿಣುಕುತ್ತಾ, "ಸುಮಿಮಾಸೆನ್... ಮೆಯ್ವಾಕು... ನಿಮಗೆಲ್ಲ ಎಷ್ಟು ತೊಂದರೆ ಕೊಟ್ಟೆ" ಎಂದು ಕೈಮುಗಿದಳು.

ಹಂಸಾಳಿಗೆ ನೆತ್ತಿಗೇರಿತು. ಸಾವಿನ ಬಾಯಿಂದ ಬಂದವಳು ಕ್ಷಮೆ ಕೇಳುತ್ತಿದ್ದಾಳೆ! ಓಕುಬೋ ಸಾನ್ ಕೂಡ ಆ ಬಚ್ಚಲಲ್ಲಿ ಬಿದ್ದುಕೊಂಡು, ಯಾರನ್ನೂ ಕೂಗಿ ಕರೆಯದೆ, ಹೀಗೇ ಮನಸ್ಸಿನಲ್ಲಿ ಕ್ಷಮೆ ಕೇಳುತ್ತಿದ್ದರೋ ಏನೋ. ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದು ಮಾರುಯಾಮಾಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಬಿಗಿಯಾಗಿ ಮಡಿಸಿದಳು.

"ಕೃಪಾ, ಹೇಳು ಇವರಿಗೆ. ಈಗ ಬೇಡ, ಆಸ್ಪತ್ರೆಯಿಂದ ಬಂದ್ಮೇಲೆ ತಿನ್ಲಿ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ಬೇಕು, ಅದು ನಮ್ಮಲ್ಲಿ ಪದ್ಧತಿ. ಸುಮಿಮಾಸೆನ್ ಒಳ್ಳೆ ಮಾತಲ್ಲ. ಬದುಕಿದ್ದಕ್ಕೆ ಯಾರೂ ಸಾರಿ ಕೇಳ್ಬಾರ್ದು."

ಕೃಪಾ ಹೇಳಿದಳು. ಎಷ್ಟು ತಗ್ಗಿದ ದನಿಯಲ್ಲಿ ಹೇಳಿದಳೆಂದರೆ ಹೊಶಿನೋ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಾರುಯಾಮಾ ಪೊಟ್ಟಣವನ್ನೂ ಹಂಸಾಳ ಮುಖವನ್ನೂ ನೋಡಿದಳು. "ಅರಿಗಾತೋ" ಎಂದು ಧನ್ಯವಾದ ಹೇಳಿದಳು. ಇನ್ನೊಮ್ಮೆ ಹೇಳಿದಳು. ಆಮೇಲೆ ಕಣ್ಣೀರು ಬಂತು.

ಹಿಮ ಇನ್ನೂ ಸುರಿಯುತ್ತಲೇ ಇತ್ತು. ಬೆಚ್ಚಗಾದ ಸಮುದ್ರಕ್ಕೆ ಒಂದು ಜೀವ ಉಳಿಯಿತೆಂಬ ಸುದ್ದಿ ಮುಟ್ಟಿರಲಿಲ್ಲ. ಹೊಶಿನೋ ಮಾರುಯಾಮಾಳ ಬಳಿ ಕುಳಿತ. ಹಂಸಾ ಕೋಟನ್ನು ಹಿಮದಲ್ಲೇ ಒರೆಸಿ, ಚೀಲ ಹೆಗಲಿಗೆ ಹಾಕಿ ಇಳಿದಳು.

"ಸಾಕಲ್ವೇನೇ? ಕೈ ನೋಡ್ಕೋ, ನೀಲಿ ಆಗಿದೆ" ಎಂದ ಪ್ರಶಾಂತ. ಹಾಗೆನ್ನುತ್ತಲೇ ತನ್ನ ಕೈಗವಸು ಬಿಚ್ಚಿ ಅವಳಿಗೆ ತೊಡಿಸಿದ. ಹರಿವಾಣವನ್ನು ತಾನೇ ಎತ್ತಿಕೊಂಡು ಮುಂದೆ ನಡೆದ. ಅದರ ಅಂಚು ಆಗಲೇ ಎರಡು ಕಡೆ ನೆಗ್ಗಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಸಾಲಿನ ಚಹರೆಯೇ ಬದಲಾಗಿತ್ತು. ಪೊಟ್ಟಣ ಪಡೆದವರು ಕಾರಿನಿಂದ ಇಳಿದಿದ್ದರು. ಬಕೆಟ್ಟು, ಫೈಲು, ಮಕ್ಕಳ ಜಾರುಬಂಡಿಯ ತಟ್ಟೆ, ಕೈಗೆ ಸಿಕ್ಕಿದ್ದರಲ್ಲಿ ಹಿಮ ಮೊಗೆಯುತ್ತಿದ್ದರು. ತಮ್ಮ ಕೊಳವೆ ಬಿಡಿಸಿಕೊಂಡವರು ಪಕ್ಕದವರದಕ್ಕೂ ಕೈಹಾಕುತ್ತಿದ್ದರು. ಶಿನಾಗಾವಾ ಪ್ಲೇಟಿನ ಗಂಡಸು ಓಮಿಯಾ ಪ್ಲೇಟಿನವನಿಗೆ ಕಡಲೆಕಾಯಿ ಬೀಜ ಆರಿಸಿ ಕೊಡುತ್ತಿದ್ದ. ದೂರದಲ್ಲಿ, ಏರಿನ ಆಚೆ, ಹಿಮ ತೆಗೆಯುವ ಯಂತ್ರದ ಹಳದಿ ದೀಪ ತಿರುಗುವುದು ಮಸುಕಾಗಿ ಕಾಣತೊಡಗಿತು. ಅದು ಇಲ್ಲಿಗೆ ತಲುಪಲು ಇನ್ನೂ ಒಂದು ಗಂಟೆಯಾದರೂ ಬೇಕಿತ್ತು.

ಅಮ್ಮ ಮಗಳು ಸಾಲಿನ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಲೇ ಇದ್ದರು. ಒಂದು ತಿರುವಿನಲ್ಲಿ ಕೃಪಾ ಚೀಲದೊಳಕ್ಕೆ ಕೈಹಾಕಿ ತಡಕಾಡಿದಳು. ಚೀಲವನ್ನು ತಲೆಕೆಳಗು ಮಾಡಿದಳು. ನಾಲ್ಕು ಎಳ್ಳಿನ ಕಾಳು ಹಿಮದ ಮೇಲೆ ಬಿದ್ದವು.

"ಅಮ್ಮಾ," ಎಂದಳು. ಆಮೇಲೆ, ಹುಟ್ಟಿದಾಗಿನಿಂದ ಕೇಳಿಸಿಕೊಂಡೇ ಬಂದಿದ್ದ ಭಾಷೆಯಲ್ಲಿ, ತಡವರಿಸುತ್ತಾ ಹೇಳಿದಳು: "ಎಳ್ಳು ಖಾ... ಖಾಲಿ ಆಯ್ತು. ಕಾರು ಇನ್ನೂ ಇದೆ."

ತಿರುವಿನಾಚೆ ಸಾಲು ಮುಂದುವರಿದಿತ್ತು. ಇಪ್ಪತ್ತೋ ಮೂವತ್ತೋ, ಹಿಮದ ದಿಬ್ಬಗಳಂತೆ ಕಾಣುವ ಕಾರುಗಳು. ಪ್ರತಿಯೊಂದರಲ್ಲೂ ಎಂಜಿನ್ನಿನ ಗುರುಗುರು. ಶುಭಾಳ ಮನೆಗೆಂದು ಕಟ್ಟಿದ ನಲವತ್ತೂ ಮುಗಿದಿದ್ದವು. ನೆಪ ಮುಗಿದಿತ್ತು, ಹಬ್ಬ ಮುಗಿದಿತ್ತು. ಕೃಪಾ ಅಮ್ಮನ ಮುಖ ನೋಡಿದಳು.

ಹಂಸಾ ಗಂಡನ ಕೈಗವಸು ಕಚ್ಚಿ ಎಳೆದು ತೆಗೆದು ಮಗಳ ಕೈಗೆ ಕೊಟ್ಟಳು. ನಲವತ್ತೊಂದನೆಯ ಕಾರಿನ ಬಳಿಗೆ ನಡೆದಳು. ಓಕುಬೋ ಸಾನ್ ಬಾಗಿಲ ಮುಂದೆ ಎರಡು ವರ್ಷದಿಂದ ನಿಂತೇ ಇದ್ದ ಆ ತೋರುಬೆರಳನ್ನು ಮಡಿಸಿ ಗಾಜಿನ ಮೇಲೆ ಬಡಿದಳು. ಒಳಗೆ ಯಾರೋ ಅಲುಗಾಡಿದರು. ಅವಳು ಇನ್ನೊಮ್ಮೆ, ಇನ್ನೂ ಜೋರಾಗಿ ಬಡಿದಳು.